ತುಂಗಭದ್ರಾ ಹಿನ್ನೀರಿನಲ್ಲಿ ಕಪ್ಪುಬಾಲದ ಗಾಡ್‌ವಿಟ್ ಹುಡುಕುವ ಬಗೆ

ಕಪ್ಪುಬಾಲದ ಗಾಡ್‌ವಿಟ್ ಗೊರವಗಳ ಬಳಗಕ್ಕೆ ಸೇರಿದ, ಉದ್ದ ಕಾಲು ಮತ್ತು ಅದಕ್ಕೂ ಉದ್ದವೆನಿಸುವ ನೇರ ಕೊಕ್ಕಿನ ಚಳಿಗಾಲದ ಅತಿಥಿ. ಯೂರೋಪ್ ಮತ್ತು ಉತ್ತರ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ನಮ್ಮ ಕಡೆಗೆ ಬರತೊಡಗುವ ಈ ಹಕ್ಕಿ ಏಪ್ರಿಲ್ ಹೊತ್ತಿಗೆ ಬಹುಪಾಲು ಹಿಂದಿರುಗಿರುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯದ ಅಂಚಿಗೆ ಸಮೀಪಿಸಿರುವ ಹಕ್ಕಿಗಳ ಸಾಲಿನಲ್ಲಿ ಇರಿಸಲಾಗಿದೆ. ಒಳನಾಡಿನ ಸಾಧಾರಣ ಕೆರೆಯೊಂದರ ಬಳಿ ವರ್ಷಗಟ್ಟಲೆ ಹಕ್ಕಿ ನೋಡಿದವರಿಗೂ ಇದು ಕಾಣದೆ ಹೋಗಬಹುದು. ದೊಡ್ಡ ಜಲಾಶಯದ ಹಿನ್ನೀರಿನಲ್ಲಾದರೆ ಒಂದೇ ಮುಂಜಾನೆ ಗುಂಪಾಗಿ ಸಿಕ್ಕಿಬಿಡಬಹುದು. ಈ ವ್ಯತ್ಯಾಸಕ್ಕೆ ಅದೃಷ್ಟಕ್ಕಿಂತ ನೀರಿನ ಮಟ್ಟ ಹೆಚ್ಚು ಕಾರಣ. ಆದ್ದರಿಂದ ಇಲ್ಲಿ ಹಕ್ಕಿಯ ವರ್ಣನೆಗಿಂತ ಮೊದಲು ನೀರಿನ ಲೆಕ್ಕ ಬರುತ್ತದೆ. ಉದಾಹರಣೆಗೆ ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವನ್ನು ತೆಗೆದುಕೊಂಡಿದ್ದೇನೆ. ಆಲಮಟ್ಟಿಯ ಹಿನ್ನೀರಿಗೋ ಕನ್ನಂಬಾಡಿಯ ಹಿನ್ನೀರಿಗೋ ಹೋಗುವವರು ಅಂಕಿಗಳನ್ನು ಬದಲಿಸಿಕೊಂಡು ಇದೇ ಕ್ರಮವನ್ನು ಅನುಸರಿಸಬಹುದು.

ಮೊದಲ ಹೆಜ್ಜೆ: ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುವುದು

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ. ಮುಂಗಾರಿನಲ್ಲಿ ಮಲೆನಾಡಿನ ನೀರು ಹರಿದು ಬಂದು ಜಲಾಶಯ ತುಂಬಿದಾಗ ನೀರು ದಂಡೆಯ ಜಾಲಿಗಿಡಗಳ ಬುಡದವರೆಗೂ ನಿಂತಿರುತ್ತದೆ, ಕೆಸರಿನ ಬಯಲು ಎಲ್ಲಿಯೂ ಇರುವುದಿಲ್ಲ. ಆ ದಿನಗಳಲ್ಲಿ ಎಷ್ಟು ಒಳ್ಳೆಯ ದುರ್ಬೀನು ಹಿಡಿದು ಹೋದರೂ ನೀರುಕಾಗೆಗಳೂ ಬಾತುಗಳೂ ಕಾಣುತ್ತವೆಯೇ ಹೊರತು ಗಾಡ್‌ವಿಟ್ ಕಾಣುವುದಿಲ್ಲ. ಕಾರಣ ಸರಳ: ಇದು ಈಜಿ ಮೇಯುವ ಹಕ್ಕಿಯಲ್ಲ. ಇದರ ಕಾಲಿನ ಉದ್ದಕ್ಕೆ ಅರ್ಧ ಗೇಣು ನೀರು ಹಿತ, ಹೊಟ್ಟೆ ನೆನೆಯುವಷ್ಟು ಇದ್ದರೂ ನಡೆದೀತು, ಅದಕ್ಕಿಂತ ಆಳವಾದರೆ ಜಾಗ ಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೊದಲು ಬಂದಿಳಿಯುವ ಹಕ್ಕಿಗಳನ್ನು ಹುಡುಕುವವರು ಜಲಾಶಯವನ್ನು ಬಿಟ್ಟು ಅದರ ಆಸುಪಾಸಿನ ಆಳವಿಲ್ಲದ ಕೆರೆಗಳನ್ನೂ ನೀರು ನಿಂತ ಭತ್ತದ ಗದ್ದೆಗಳನ್ನೂ ನೋಡುವುದು ಮೇಲು.

ನಾಲೆಗಳಿಗೆ ನೀರು ಬಿಡುತ್ತ ಬಂದಂತೆ ಡಿಸೆಂಬರ್ ಹೊತ್ತಿಗೆ ಮಟ್ಟ ಇಳಿಯುವುದು ಕಣ್ಣಿಗೆ ಕಾಣತೊಡಗುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಹಿನ್ನೀರಿನ ನೆಲ ನೂರು ಅಡಿಗೆ ಒಂದು ಅಡಿ ಇಳಿಜಾರಾಗಿದ್ದರೆ, ಮಟ್ಟ ಒಂದು ಅಡಿ ಇಳಿದಾಗ ನೀರಿನ ಅಂಚು ನೂರು ಅಡಿ ಹಿಂದೆ ಸರಿಯುತ್ತದೆ. ನೆಲ ಐನೂರು ಅಡಿಗೆ ಒಂದು ಅಡಿ ಇಳಿಯುವಷ್ಟು ಸಮತಟ್ಟಾಗಿದ್ದರೆ ಅದೇ ಒಂದು ಅಡಿಗೆ ಐನೂರು ಅಡಿ ಅಗಲದ ಹಸಿ ಕೆಸರು ಹೊರಬರುತ್ತದೆ. ಅಣೆಕಟ್ಟೆಯ ಹತ್ತಿರದ ಬೆಟ್ಟದ ತಪ್ಪಲಿನಲ್ಲಿ ಇಳಿಜಾರು ಕಡಿದಾಗಿರುವುದರಿಂದ ಅಲ್ಲಿ ಕೆಸರು ಒಂದು ಪಟ್ಟಿಯಷ್ಟೇ ಇರುತ್ತದೆ. ಮೇಲ್ಭಾಗದಲ್ಲಿ, ಅಂದರೆ ನದಿ ಜಲಾಶಯವನ್ನು ಸೇರುವ ದಿಕ್ಕಿನಲ್ಲಿ, ಎರೆಭೂಮಿ ಮುಳುಗಿ ಎದ್ದ ಕಡೆಗಳಲ್ಲಿ ಅದು ಬಯಲಾಗುತ್ತದೆ. ದಿನಪತ್ರಿಕೆಗಳ ಜಲಾಶಯ ಮಟ್ಟದ ಅಂಕಣವನ್ನು ಎರಡು ವಾರ ಸತತವಾಗಿ ಬರೆದಿಟ್ಟುಕೊಂಡರೆ ಮಟ್ಟ ಇಳಿಯುವ ವೇಗ ತಿಳಿಯುತ್ತದೆ. ದಿನಕ್ಕೆ ಸ್ವಲ್ಪಸ್ವಲ್ಪವಾಗಿ, ತಡೆಯಿಲ್ಲದೆ ಇಳಿಯುತ್ತಿರುವ ವಾರವೇ ಹೊರಡಲು ಸರಿಯಾದ ವಾರ.

ಇಳಿದು ಬಹಳ ದಿನವಾದ ಕೆಸರು ಪ್ರಯೋಜನಕ್ಕೆ ಬಾರದು ಎಂಬುದನ್ನೂ ನೆನಪಿಡಬೇಕು. ಗಾಡ್‌ವಿಟ್ ಕೆಸರಿನೊಳಗಿನ ಹುಳುಗಳನ್ನು, ವಿಶೇಷವಾಗಿ ಕಚ್ಚದ ಸೊಳ್ಳೆಜಾತಿಯ ಕೀಟಗಳ ಕೆಂಪು ಮರಿಹುಳುಗಳನ್ನು, ಜೊತೆಗೆ ಸಣ್ಣ ಮೃದ್ವಂಗಿಗಳನ್ನು ಹೆಕ್ಕಿ ತಿನ್ನುತ್ತದೆ. ಎರೆಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಆ ಹುಳುಗಳು ಅಲ್ಲಿ ಉಳಿಯುವುದಿಲ್ಲ, ಉಳಿದರೂ ಕೊಕ್ಕು ಇಳಿಯುವುದಿಲ್ಲ. ಹೀಗಾಗಿ ಹಕ್ಕಿಯ ಊಟದ ಎಲೆ ನೀರಿನ ಅಂಚಿನೊಡನೆಯೇ ಸರಿಯುತ್ತಿರುತ್ತದೆ, ಕಳೆದ ವಾರ ಕಂಡ ಜಾಗಕ್ಕೇ ಈ ವಾರವೂ ಹೋಗಿ ನಿಲ್ಲುವವರು ಬರಿಗೈಯಲ್ಲಿ ಬರುತ್ತಾರೆ.

ಈ ಜಲಾಶಯದ ಹೂಳಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1953ರಲ್ಲಿ ಅಣೆಕಟ್ಟೆ ಪೂರ್ಣಗೊಂಡಾಗ ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಇಂದು 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. ರೈತನ ಪಾಲಿಗೆ ಇದು ಕಳೆದುಹೋದ ಒಂದು ಬೆಳೆ. ಅದೇ ಹೂಳು ಹಿನ್ನೀರಿನ ಮೇಲ್ಭಾಗದಲ್ಲಿ ಹರಡಿ ಮೆತ್ತನೆಯ ಬಯಲಾಗಿರುವುದರಿಂದಲೇ ಉದ್ದ ಕೊಕ್ಕಿನ ಹಕ್ಕಿಗೆ ಅಲ್ಲಿ ಅನ್ನ ಸಿಗುತ್ತಿದೆ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ದಂಡೆಯ ಮೇಲೆ ನಿಲ್ಲುವುದು ಅಷ್ಟೇನೂ ಸುಖದ ಕೆಲಸವಲ್ಲ.

ಕೆಲವು ವರ್ಷ ಈ ಪಂಚಾಂಗವೇ ತಪ್ಪುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ (ಅಣೆಕಟ್ಟೆಯ ಮೇಲ್ಭಾಗದಿಂದ ನೀರು ಹೊರಬಿಡುವ ಬಾಗಿಲುಗಳು) 19ನೆಯದು ಕೊಚ್ಚಿಹೋದಾಗ, ದುರಸ್ತಿಗಾಗಿ ಮಳೆಗಾಲದ ನಡುವೆಯೇ ನೀರನ್ನು ಹೊರಬಿಡಬೇಕಾಯಿತು. ಆದ್ದರಿಂದ ತಿಂಗಳ ಹೆಸರನ್ನು ನಂಬದೆ ಆಯಾ ವರ್ಷದ ಮಟ್ಟವನ್ನೇ ನಂಬಬೇಕು. ಸಾಮಾನ್ಯ ವರ್ಷಗಳಲ್ಲಿ ಜನವರಿಯ ಆರಂಭದಿಂದ ಮಾರ್ಚ್ ಮಧ್ಯದವರೆಗಿನ ಅವಧಿ ಹೆಚ್ಚು ಫಲ ಕೊಡುತ್ತದೆ.

ಎರಡನೆಯ ಹೆಜ್ಜೆ: ಬಿಸಿಲು ಬೆನ್ನಿಗಿರುವ ದಂಡೆಯನ್ನು ಆರಿಸುವುದು

ಜಲಾಶಯ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ. ಒಂದು ಬದಿಯಲ್ಲಿ ವಿಜಯನಗರ ಜಿಲ್ಲೆಯ ಹೊಸಪೇಟೆ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳಿವೆ, ಎದುರು ಬದಿಯಲ್ಲಿ ಕೊಪ್ಪಳ ಜಿಲ್ಲೆಯಿದೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯಕ್ಕೆ ವಾಲಿ ಹುಟ್ಟುವುದರಿಂದ ಬೆಳಿಗ್ಗೆ ವಿಜಯನಗರದ ಬದಿಯಲ್ಲಿ ನಿಂತವರಿಗೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಕೊಕ್ಕಿನ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಸಂಜೆ ನಾಲ್ಕರ ಮೇಲೆ ಇದು ಅದಲುಬದಲಾಗುತ್ತದೆ, ಆಗ ಕೊಪ್ಪಳದ ಬದಿ ಒಳ್ಳೆಯದು. ಎದುರು ಬಿಸಿಲಿನಲ್ಲಿ ಎಲ್ಲ ದಡದ ಹಕ್ಕಿಗಳೂ ಕಪ್ಪು ನೆರಳುಗಳಾಗಿಬಿಡುತ್ತವೆ. ಗಾಡ್‌ವಿಟ್‌ನಂಥ ಬೂದು ಹಕ್ಕಿಯನ್ನು ಹಾಗೆ ಹುಡುಕುವುದು ವ್ಯರ್ಥ ಶ್ರಮ.

ಹಗರಿಬೊಮ್ಮನಹಳ್ಳಿಯ ಕಡೆಗೆ ಹೋಗುವವರಿಗೆ ಇನ್ನೊಂದು ಅನುಕೂಲವುಂಟು. ಅಲ್ಲಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಹತ್ತಿರದಲ್ಲಿದೆ. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯೊಡನೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದ ತಾಣವಿದು. ಹಿನ್ನೀರಿನಲ್ಲಿ ಹಕ್ಕಿ ಸಿಗದ ದಿನ ಅಲ್ಲಿಗೆ ಹೋದರೆ ಪ್ರಯಾಣ ನಷ್ಟವಾಗುವುದಿಲ್ಲ.

ಸೂರ್ಯೋದಯಕ್ಕೆ ಮೊದಲೇ ದಂಡೆ ಸೇರಿ, ಒಂಬತ್ತೂವರೆಯೊಳಗೆ ಗುರುತಿಸುವ ಕೆಲಸವನ್ನು ಮುಗಿಸುವಂತೆ ಯೋಜಿಸಿಕೊಳ್ಳಬೇಕು. ಯಾಕೆ ಎಂಬುದು ಮುಂದೆ ಬರುತ್ತದೆ.

ಸಲಕರಣೆ

8x42 ಅಳತೆಯ, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮುಂಗಾಜಿನ ದುರ್ಬೀನು ಸಾಕು, ಆದರೆ ಅದೊಂದರಿಂದಲೇ ಕೆಲಸ ಪೂರೈಸುವುದಿಲ್ಲ. ಹಕ್ಕಿಗಳು ಸಾಮಾನ್ಯವಾಗಿ ಮುನ್ನೂರು ನಾನೂರು ಮೀಟರ್ ಆಚೆ ಇರುತ್ತವೆ, ಆ ದೂರದಲ್ಲಿ ಕೊಕ್ಕಿನ ಬುಡದ ಗುಲಾಬಿ ಬಣ್ಣವನ್ನು ನೋಡಲು 20-60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಮತ್ತು ಗಟ್ಟಿ ಟ್ರೈಪಾಡ್ ಬೇಕು. ಸ್ಕೋಪ್ ಇಲ್ಲದವರು ಇರುವವರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಅಗ್ಗದ ದಾರಿ. ದೊಡ್ಡ ಲೆನ್ಸಿನ ಕ್ಯಾಮೆರಾ ಒಂದೇ ಒಂದು ಕಾರಣಕ್ಕೆ ಉಪಯುಕ್ತ: ಹಾರುವ ರೆಕ್ಕೆಯ ಚಿತ್ರ. ತಲೆಗೆ ಟೋಪಿ, ಮಣ್ಣಿನ ಬಣ್ಣದ ಬಟ್ಟೆ, ಕುಡಿಯುವ ನೀರು, ಒಂದು ಪುಟ್ಟ ನೋಟುಪುಸ್ತಕ, ಇಷ್ಟಾದರೆ ಆಯಿತು.

ಮೂರನೆಯ ಹೆಜ್ಜೆ: ಗುಂಪನ್ನು ಸೋಸುವುದು

ದಂಡೆಯನ್ನು ಮುಟ್ಟಿದ ಕೂಡಲೇ ನೀರಿನತ್ತ ನಡೆಯತೊಡಗುವುದು ಹೊಸಬರು ಮಾಡುವ ಮೊದಲ ತಪ್ಪು. ನೀರಿನ ಅಂಚಿನಲ್ಲಿರುವ ಟಿಟ್ಟಿಭಗಳು ಎಲ್ಲರಿಗಿಂತ ಮೊದಲು ಮನುಷ್ಯನನ್ನು ಕಂಡು ಕೂಗಿ ಇಡೀ ಬಯಲಿಗೆ ಸುದ್ದಿ ಮುಟ್ಟಿಸುತ್ತವೆ. ಆದ್ದರಿಂದ ಗಿಡದ ಮರೆಯಲ್ಲಿ, ಇಲ್ಲವಾದರೆ ವಾಹನದ ಮರೆಯಲ್ಲಿ ನಿಂತು, ಎಡತುದಿಯಿಂದ ಬಲತುದಿಯವರೆಗೆ ನೀರಿನ ಅಂಚನ್ನು ಒಮ್ಮೆ ನಿಧಾನವಾಗಿ ದುರ್ಬೀನಿನಲ್ಲಿ ನೋಡಿ ಮುಗಿಸಬೇಕು. ಈ ಮೊದಲ ಸುತ್ತಿನಲ್ಲಿ ಯಾವ ಹಕ್ಕಿಯನ್ನೂ ಗುರುತಿಸಲು ಹೋಗಬಾರದು. ಎಲ್ಲಿ ಕೆಸರು ಹೊಳೆಯುತ್ತಿದೆ, ಎಲ್ಲಿ ಹಕ್ಕಿಗಳು ದಟ್ಟವಾಗಿವೆ, ಎಲ್ಲಿ ದನ ಕುರಿ ಇಳಿದಿವೆ ಎಂಬುದನ್ನಷ್ಟೇ ಮನಸ್ಸಿಗೆ ತಂದುಕೊಳ್ಳಬೇಕು.

ಎರಡನೆಯ ಸುತ್ತು ಆಳದ ಪ್ರಕಾರ. ಒಣಗುತ್ತಿರುವ ಕೆಸರಿನ ಮೇಲೆ ಓಡಿ ನಿಂತು ಓಡುವ ಪುಟ್ಟ ಪ್ಲೋವರ್‌ಗಳಿರುತ್ತವೆ. ನೀರು ತೆಳುವಾಗಿ ಹರಡಿದ ಪಟ್ಟಿಯಲ್ಲಿ ಸ್ಟಿಂಟ್‌ಗಳೂ ಅಡವಿ ಗದ್ದೆಗೊರವಗಳೂ ಇರುತ್ತವೆ. ಅದರಾಚೆ, ಕಾಲು ಮುಳುಗುವ ನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳ, ಅಂದರೆ ಉದ್ದ ಕೆಂಪು ಕಾಲಿನ ಕಪ್ಪು ಬಿಳುಪು ಸ್ಟಿಲ್ಟ್‌ಗಳ, ಸಾಲು ಕಾಣುತ್ತದೆ. ಗಾಡ್‌ವಿಟ್ ಹುಡುಕಬೇಕಾದದ್ದು ಈ ಮೂರನೆಯ ಪಟ್ಟಿಯಲ್ಲಿ. ಮೆಟ್ಟುಗಾಲು ಹಕ್ಕಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಎರಡರ ಉದ್ದವೂ ಸರಿಸುಮಾರು ಒಂದೇ, 40 ಸೆಂಟಿಮೀಟರಿನ ಹತ್ತಿರ. ಆದರೆ ಮೆಟ್ಟುಗಾಲಿನ ಮೈ ತೆಳು, ಗಾಡ್‌ವಿಟ್‌ನ ಮೈ ತುಂಬಿಕೊಂಡದ್ದು. ಮೆಟ್ಟುಗಾಲುಗಳ ನಡುವೆ ಅವುಗಳಷ್ಟೇ ಎತ್ತರದ, ಆದರೆ ಹೆಚ್ಚು ತೂಕದ, ಬೂದುಬಣ್ಣದ, ತಲೆ ತಗ್ಗಿಸಿದ ಹಕ್ಕಿಯೊಂದು ಕಂಡರೆ ಸ್ಕೋಪನ್ನು ಅಲ್ಲಿಗೆ ತಿರುಗಿಸಬೇಕು.

ದಂಡೆಯ ಜನರ ಮಾತನ್ನೂ ಈ ಹಂತದಲ್ಲೇ ಕೇಳಬೇಕು. ಒಮ್ಮೆ ಅರ್ಧ ಮುಂಜಾನೆಯನ್ನು ತಪ್ಪು ಕೊಲ್ಲಿಯಲ್ಲಿ ಕಳೆದ ಮೇಲೆ ತೆಪ್ಪ ಹೊತ್ತು ಹೊರಟಿದ್ದ ಮೀನುಗಾರರೊಬ್ಬರು, "ಏನ್ ನೋಡಾಕತ್ತೀರಿ ಸರ?" ಎಂದು ನಿಂತರು. ಹೇಳಿದೆ. "ಉದ್ದ ಮೂಗಿನ ಹಕ್ಕ್ಯಾ? ಅವು ಹೊತ್ತು ಮೂಡೂಮಟ ಆ ಕಡಿ ಇರ್ತಾವ್ರಿ, ಕುರಿ ಬಂದಮ್ಯಾಲ ಎದ್ದು ಹೊಕ್ಕಾವ" ಎಂದು ಎಡಗಡೆಯ ದಿಬ್ಬದಾಚೆ ಕೈ ತೋರಿಸಿದರು. ಹಕ್ಕಿಗಳು ಅಲ್ಲಿಯೇ ಇದ್ದವು. ಪುಸ್ತಕದ ಹೆಸರು ಅವರಿಗೆ ಬೇಕಿರಲಿಲ್ಲ, ಹಕ್ಕಿಯ ದಿನಚರಿ ಗೊತ್ತಿತ್ತು.

ನಾಲ್ಕನೆಯ ಹೆಜ್ಜೆ: ಗುರುತನ್ನು ಖಚಿತಪಡಿಸುವುದು

ಮೊದಲು ಕೊಕ್ಕು. ಅದು ನೇರವಾಗಿದ್ದು, ತಲೆಯ ಉದ್ದಕ್ಕಿಂತ ಎರಡು ಪಟ್ಟು ಇದ್ದಂತೆ ತೋರುತ್ತದೆ. ಬುಡದ ಅರ್ಧ ಗುಲಾಬಿ, ತುದಿಯ ಅರ್ಧ ಕಪ್ಪು. ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದವಾದ್ದರಿಂದ ಒಂದೇ ಗುಂಪಿನಲ್ಲಿ ಅಳತೆ ಬೇರೆಬೇರೆಯಾಗಿ ಕಂಡರೆ ಗಾಬರಿಯಾಗಬೇಕಾಗಿಲ್ಲ. ಚಳಿಗಾಲದ ಉಡುಪಿನಲ್ಲಿ ಬೆನ್ನು ಮತ್ತು ಎದೆ ಒಂದೇ ಸಮನಾದ ಬೂದುಕಂದು. ಗೀರು ಚುಕ್ಕೆಗಳಿಲ್ಲದ ಈ ಸಾದಾ ಬೆನ್ನು ಒಂದು ಮುಖ್ಯ ಗುರುತು. ಕಣ್ಣಿನ ಮುಂದೆ ಒಂದು ಮಾಸಲು ಬಿಳಿ ಹುಬ್ಬಿನ ಗೆರೆ, ಹೊಟ್ಟೆ ಬಿಳಿ, ಕಾಲು ಕಪ್ಪು. ಮಾರ್ಚ್ ತಿಂಗಳಲ್ಲಿ ಕೆಲವು ಹಕ್ಕಿಗಳ ಕತ್ತು ಎದೆಗಳ ಮೇಲೆ ಇಟ್ಟಿಗೆಯ ಕೆಂಪು ಮೂಡತೊಡಗುತ್ತದೆ, ಅದು ಸಂತಾನಕಾಲದ ಉಡುಪಿನ ಆರಂಭ.

ಬಳಿಕ ಮೇಯುವ ರೀತಿ. ಇದನ್ನು ಹತ್ತು ನಿಮಿಷ ಬಿಡದೆ ನೋಡಬೇಕು. ಹಕ್ಕಿ ಒಂದು ಹೆಜ್ಜೆ ಮುಂದಿಡುತ್ತದೆ, ಕೊಕ್ಕನ್ನು ನೇರ ಕೆಳಗೆ ಇಳಿಸುತ್ತದೆ, ಹೊಲಿಗೆ ಯಂತ್ರದ ಸೂಜಿಯಂತೆ ನಾಲ್ಕಾರು ಸಲ ಚುಚ್ಚುತ್ತದೆ, ಒಮ್ಮೊಮ್ಮೆ ಕೊಕ್ಕು ಬುಡದವರೆಗೂ ಮುಳುಗಿ ಕೆನ್ನೆಯೇ ನೀರನ್ನು ಮುಟ್ಟುತ್ತದೆ. ಕೊಕ್ಕಿನ ತುದಿಯಲ್ಲಿ ಸ್ಪರ್ಶವನ್ನು ಗ್ರಹಿಸುವ ನರಗಳು ದಟ್ಟವಾಗಿವೆ. ಉಳಿದ ಕೊಕ್ಕು ಮುಚ್ಚಿದ್ದರೂ ತುದಿಯೊಂದನ್ನೇ ಕೆಸರಿನೊಳಗೆ ತೆರೆದು ಹುಳುವನ್ನು ಹಿಡಿಯುವ ಸಾಮರ್ಥ್ಯ ಅದಕ್ಕಿದೆ. ಹುಳು ಸಿಕ್ಕಾಗ ತಲೆ ಎತ್ತಿ, ಕೊಕ್ಕನ್ನು ಒಮ್ಮೆ ಝಾಡಿಸಿ, ಆ ಉದ್ದ ಕೊಳವೆಯ ಗುಂಟ ಅದನ್ನು ಗಂಟಲಿಗೆ ಏರಿಸಿಕೊಳ್ಳುವುದನ್ನು ಸ್ಕೋಪಿನಲ್ಲಿ ನೋಡಿದವರು ಆಮೇಲೆ ಅದನ್ನು ಬೇರೆ ಹಕ್ಕಿಯೆಂದು ತಪ್ಪು ತಿಳಿಯುವುದು ಕಡಿಮೆ.

ಕೊನೆಯದು ರೆಕ್ಕೆ. ನನ್ನ ಮಟ್ಟಿಗೆ ಹಾರಾಟ ನೋಡದೆ ಗಾಡ್‌ವಿಟ್ ಎಂದು ಬರೆದುಕೊಳ್ಳುವುದು ಅರ್ಧ ಕೆಲಸ. ಹಾರಿದಾಗ ಕಡುಬಣ್ಣದ ರೆಕ್ಕೆಯ ಉದ್ದಕ್ಕೂ ಅಗಲವಾದ ಬಿಳಿ ಪಟ್ಟಿ, ಬಿಳಿ ಸೊಂಟ, ಬಾಲದ ತುದಿಯಲ್ಲಿ ಕಪ್ಪು ಪಟ್ಟಿ, ಅದರ ಹಿಂದೆ ಚಾಚಿದ ಕಾಲುಗಳು, ಇವಿಷ್ಟೂ ಒಂದೇ ನೋಟದಲ್ಲಿ ಸಿಗುತ್ತವೆ. ಇದಕ್ಕಾಗಿ ಹಕ್ಕಿಯನ್ನು ಎಬ್ಬಿಸುವುದು ಸಲ್ಲದು, ಎಬ್ಬಿಸುವ ಅಗತ್ಯವೂ ಇಲ್ಲ. ಹಿನ್ನೀರಿನ ಮೇಲೆ ಚಳಿಗಾಲವಿಡೀ ಮಾರ್ಷ್ ಹ್ಯಾರಿಯರ್ ಗಿಡುಗ ಸುತ್ತುತ್ತಿರುತ್ತದೆ. ಅದು ತಗ್ಗಿ ಹಾರಿಬಂದಾಗಲೆಲ್ಲ ಬಯಲಿನ ಅಷ್ಟೂ ಹಕ್ಕಿಗಳು ಒಮ್ಮೆಗೇ ಏಳುತ್ತವೆ, ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತವೆ. ಅಂಥ ಒಂದು ಗಳಿಗೆಗಾಗಿ ಅರ್ಧ ಗಂಟೆ ಕಾಯುವುದು ದೊಡ್ಡದಲ್ಲ.

ತಪ್ಪು ತಿಳಿಯುವಂತೆ ಮಾಡುವ ಹಕ್ಕಿಗಳು ಹಲವಿದ್ದರೂ ನಿಜವಾಗಿ ತೊಂದರೆ ಕೊಡುವುದು ಒಂದೇ: ಚುಕ್ಕೆ ಕೆಂಗಾಲು, ಅಂದರೆ ಸ್ಪಾಟೆಡ್ ರೆಡ್‌ಶ್ಯಾಂಕ್. ಅದೂ ಬೂದುಬಣ್ಣದ್ದು, ಅದರ ಕೊಕ್ಕೂ ಉದ್ದ, ಅದೂ ಹೊಟ್ಟೆಮಟ್ಟದ ನೀರಿಗೆ ಇಳಿಯುತ್ತದೆ. ಆದರೆ ಅದು ಗಾತ್ರದಲ್ಲಿ ಚಿಕ್ಕದು, ಕಾಲು ಕೆಂಪು, ಕೊಕ್ಕಿನ ಬುಡದ ಕೆಂಪು ಕೆಳದವಡೆಗೆ ಸೀಮಿತ, ಕೊಕ್ಕಿನಿಂದ ಕಣ್ಣಿನವರೆಗೆ ಒಂದು ಕಪ್ಪು ಗೆರೆ ಎದ್ದು ಕಾಣುತ್ತದೆ. ಹಾರಿದರೆ ರೆಕ್ಕೆಯಲ್ಲಿ ಬಿಳಿ ಪಟ್ಟಿಯಿಲ್ಲ, ಬಿಳುಪು ಬೆನ್ನಿನ ಮೇಲೆ ಸೀಳಿನಂತೆ ಹಬ್ಬಿರುತ್ತದೆ. ಗ್ರೀನ್‌ಶ್ಯಾಂಕ್‌ನ ಕೊಕ್ಕು ಚಿಕ್ಕದಾಗಿ ತುಸು ಮೇಲಕ್ಕೆ ಬಾಗಿದೆ, ಕಾಲು ಹಸಿರು. ರಫ್ ಹಕ್ಕಿಗೆ ಚಿಕ್ಕ ಕೊಕ್ಕು, ಪುಟ್ಟ ತಲೆ, ಮೀನಿನ ಹುರುಪೆಯಂಥ ಬೆನ್ನು. ಕರ್ಲ್ಯೂ ಕೊಕ್ಕು ಕುಡುಗೋಲಿನಂತೆ ಕೆಳಕ್ಕೆ ಬಾಗಿರುವುದರಿಂದ ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಪಟ್ಟೆಬಾಲದ ಗಾಡ್‌ವಿಟ್ ಎಂಬ ಇನ್ನೊಂದು ಇದೆ. ಅದರ ಬೆನ್ನು ಕರ್ಲ್ಯೂ ಹಕ್ಕಿಯಂತೆ ಗೀರುಗೀರಾಗಿದೆ, ಕೊಕ್ಕು ಸ್ವಲ್ಪ ಮೇಲಕ್ಕೆ ಬಾಗಿದೆ, ರೆಕ್ಕೆಯಲ್ಲಿ ಅಗಲವಾದ ಬಿಳಿ ಪಟ್ಟಿ ಇಲ್ಲ. ಅದು ಬಹುಮಟ್ಟಿಗೆ ಕಡಲತೀರದ ಹಕ್ಕಿ. 2022ರ ಅಕ್ಟೋಬರಿನಲ್ಲಿ ಆ ಜಾತಿಯ ಒಂದು ಎಳೆಯ ಹಕ್ಕಿ ಅಲಾಸ್ಕದಿಂದ ಟಾಸ್ಮೇನಿಯಕ್ಕೆ 13,560 ಕಿಲೋಮೀಟರನ್ನು ಎಲ್ಲಿಯೂ ಇಳಿಯದೆ ಹಾರಿ ದಾಖಲೆ ಮಾಡಿತು. ಹಿನ್ನೀರಿನಲ್ಲಿ ಅದನ್ನು ಕಂಡೆನೆನಿಸಿದರೆ ಚಿತ್ರವಿಲ್ಲದೆ ಯಾರಿಗೂ ಹೇಳದಿರುವುದು ಕ್ಷೇಮ.

ಬಿಸಿಲೇರಿದ ಮೇಲೆ ಆಗುವ ಮೋಸ

ಒಂಬತ್ತೂವರೆಯ ಗಡುವಿಗೆ ಕಾರಣ ಬಿಸಿಲ್ಗುದುರೆ. ಎರೆಯ ಬಯಲು ಕಾದಂತೆ ನೆಲಕ್ಕಂಟಿದ ಗಾಳಿ ಕುದಿಯತೊಡಗಿ, ಸ್ಕೋಪಿನಲ್ಲಿ ಹಕ್ಕಿಯ ಕಾಲು ಎಳೆದಂತಾಗುತ್ತದೆ, ಕೊಕ್ಕು ನಡುಗುತ್ತದೆ, ಬಣ್ಣ ಕಲಸಿಹೋಗುತ್ತದೆ. ಹಿಗ್ಗಿಸುವ ಪ್ರಮಾಣವನ್ನು ಹೆಚ್ಚಿಸಿದಷ್ಟೂ ಕುಣಿತ ಹೆಚ್ಚುತ್ತದೆ. ನಾನು ಮೊದಲ ಸಲ ಹೋದಾಗ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ದೂರದ ಸಾಲೊಂದನ್ನು ನೋಡಿ ನಲವತ್ತು ಗಾಡ್‌ವಿಟ್ ಎಂದು ನೋಟುಪುಸ್ತಕದಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಸಂಜೆ ಬಿಸಿಲು ಇಳಿದ ಮೇಲೆ ಅದೇ ಸಾಲು ಕೊಕ್ಕನ್ನು ರೆಕ್ಕೆಯೊಳಗೆ ಹುದುಗಿಸಿ ಒಂಟಿಕಾಲಿನಲ್ಲಿ ನಿದ್ರಿಸುತ್ತಿದ್ದ ಮೆಟ್ಟುಗಾಲು ಮರಿಗಳದ್ದೆಂದು ತಿಳಿಯಿತು. ಎಳೆಯ ಹಕ್ಕಿಗಳ ಬೆನ್ನು ಅಚ್ಚ ಕಪ್ಪಾಗಿರದೆ ಕಂದಾಗಿರುವುದೇ ನನ್ನನ್ನು ಏಮಾರಿಸಿತ್ತು. ಆ ಪುಟವನ್ನು ಹರಿಯದೆ ಹಾಗೆಯೇ ಇಟ್ಟುಕೊಂಡಿದ್ದೇನೆ. ಕೊಕ್ಕು ಕಾಣದ ಹಕ್ಕಿಗೆ ಹೆಸರಿಡುವುದಿಲ್ಲ ಎಂಬ ನಿಯಮ ಅಂದಿನದು.

ಹತ್ತಿರ ಹೋಗಲೇಬೇಕಾದಾಗ

ಹಿನ್ನೀರಿನ ಕೆಸರು ಮೇಲೆ ಒಣಗಿ ಒಳಗೆ ಹಸಿಯಾಗಿರುತ್ತದೆ. ಬಿರುಕು ಬಿಟ್ಟ ಪದರ ಗಟ್ಟಿಯೆಂದು ನಂಬಿ ಹೆಜ್ಜೆಯಿಟ್ಟರೆ ಮೊಣಕಾಲಿನವರೆಗೆ ಇಳಿಯಬಹುದು, ಎರೆಮಣ್ಣು ಚಪ್ಪಲಿಯನ್ನಂತೂ ಹಿಂದಿರುಗಿಸುವುದಿಲ್ಲ. ದನಕರುಗಳ ಗೊರಸಿನ ಹೊಸ ಗುರುತಿರುವ ದಾರಿಯನ್ನು ಬಿಟ್ಟು ನಡೆಯಬಾರದು, ಒಬ್ಬರೇ ಹೋಗಬಾರದು. ನೀರು ಇಳಿದ ಜಾಗದಲ್ಲಿ ಬಿತ್ತಿರುವ ಹೊಲಗಳಿದ್ದರೆ ಬದುವಿನ ಮೇಲೆಯೇ ನಡೆಯಬೇಕು, ರೈತರು ಕಂಡರೆ ಮೊದಲು ಕೇಳಬೇಕು. ಅಣೆಕಟ್ಟೆಯ ಆಸುಪಾಸಿನಲ್ಲಿ ಕ್ಯಾಮೆರಾ ಹೊರತೆಗೆಯುವ ಮುನ್ನ ಕಾವಲಿನವರ ಅನುಮತಿ ಪಡೆಯಬೇಕು.

ಹಕ್ಕಿಯತ್ತ ನೇರವಾಗಿ ನಡೆಯದೆ ಓರೆಯಾಗಿ, ಹತ್ತು ಹೆಜ್ಜೆಗೊಮ್ಮೆ ನಿಂತು ನಡೆಯುವುದು ರೂಢಿ. ಮೇಯುತ್ತಿದ್ದ ಗಾಡ್‌ವಿಟ್‌ಗಳು ಕೊಕ್ಕನ್ನು ಎತ್ತಿ ಕತ್ತನ್ನು ನಿಮಿರಿಸಿ ಒಂದೇ ದಿಕ್ಕಿಗೆ ನಿಂತವೆಂದರೆ ಅಲ್ಲಿಗೆ ಸಾಕು; ಅಲ್ಲಿಂದ ಮುಂದಿಡುವ ಪ್ರತಿ ಹೆಜ್ಜೆಯೂ ಅವುಗಳ ಊಟವನ್ನು ಕಿತ್ತುಕೊಂಡಂತೆ. ಫೆಬ್ರವರಿ, ಮಾರ್ಚ್‌ನಲ್ಲಿ ಅವು ದೀರ್ಘ ಪ್ರಯಾಣಕ್ಕಾಗಿ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ, ಆಗ ಎಬ್ಬಿಸುವುದು ಇನ್ನೂ ಕೆಟ್ಟದ್ದು. ಚಿತ್ರಕ್ಕಾಗಿ ಡ್ರೋನ್ ಹಾರಿಸುವವರನ್ನು ಕಂಡಿದ್ದೇನೆ. ಗಿಡುಗ ಒಂದು ಸುತ್ತು ಹಾಕಿ ಹೋಗುತ್ತದೆ, ಡ್ರೋನ್ ಬ್ಯಾಟರಿ ಮುಗಿಯುವವರೆಗೂ ಹೋಗುವುದಿಲ್ಲ.

ಐದನೆಯ ಹೆಜ್ಜೆ: ಎಣಿಕೆ ಮತ್ತು ದಾಖಲೆ

ಗುಂಪು ಚಿಕ್ಕದಾಗಿದ್ದರೆ ಒಂದೊಂದಾಗಿ ಎಣಿಸಬೇಕು. ದೊಡ್ಡದಾಗಿದ್ದರೆ ಇಪ್ಪತ್ತು ಹಕ್ಕಿಗಳನ್ನು ಎಣಿಸಿ, ಅವು ಸ್ಕೋಪಿನಲ್ಲಿ ಎಷ್ಟು ಜಾಗವನ್ನು ತುಂಬುತ್ತವೆಂದು ನೋಡಿಕೊಂಡು, ಅಂಥ ತುಂಡುಗಳು ಎಷ್ಟಿವೆಯೆಂದು ಲೆಕ್ಕ ಹಾಕಬೇಕು. ಇದನ್ನು ಮೂರು ಸಲ ಮಾಡಿ ನಡುವಿನ ಸಂಖ್ಯೆಯನ್ನು ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಕಾಲಿನಲ್ಲಿ ಬಣ್ಣದ ಪಟ್ಟಿ ಅಥವಾ ಉಂಗುರವಿದ್ದರೆ ಯಾವ ಕಾಲು, ಮಂಡಿಯ ಮೇಲೋ ಕೆಳಗೋ, ಯಾವ ಬಣ್ಣ, ಅದರ ಮೇಲಿನ ಅಕ್ಷರವೇನು ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಬೇಕು; ಮನೆಗೆ ಬಂದ ಮೇಲೆ ಎಡ ಬಲ ನೆನಪಿರುವುದಿಲ್ಲ.

ಹಕ್ಕಿ ನೋಡುವವರು ತಮ್ಮ ದಾಖಲೆಗಳನ್ನು ಸೇರಿಸುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿಯನ್ನು ಸೇರಿಸುವಾಗ ಸಂಖ್ಯೆಯ ಜೊತೆಗೆ ಅಂದಿನ ಜಲಾಶಯದ ಮಟ್ಟ, ನಿಂತಿದ್ದ ದಂಡೆ, ಹಕ್ಕಿಗಳು ನಿಂತಿದ್ದ ನೀರಿನ ಆಳ, ಹಾರಾಟದಲ್ಲಿ ಕಂಡ ಗುರುತು, ಇವುಗಳನ್ನು ಟಿಪ್ಪಣಿಯಲ್ಲಿ ಬರೆಯಬೇಕು. ನೀರಿನ ಮಟ್ಟವನ್ನು ಬರೆಯುವವರು ಕಡಿಮೆ, ಮುಂದಿನ ವರ್ಷ ಬರುವವರಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. 1987ರಿಂದ ನಡೆದುಬಂದಿರುವ ಏಷ್ಯಾ ನೀರಹಕ್ಕಿಗಳ ಗಣತಿ ಪ್ರತಿ ಜನವರಿಯಲ್ಲಿ ನಡೆಯುವುದರಿಂದ, ಆ ವಾರಗಳಲ್ಲಿ ಹೋಗುವವರು ತಮ್ಮ ಎಣಿಕೆಯನ್ನು ಸ್ಥಳೀಯ ತಂಡದೊಡನೆ ಹೊಂದಿಸಿಕೊಂಡರೆ ಒಂದೇ ಗುಂಪನ್ನು ಎರಡು ದಂಡೆಗಳಿಂದ ಎರಡು ಸಲ ಎಣಿಸುವುದು ತಪ್ಪುತ್ತದೆ. ಇದಕ್ಕೆ ಫೋನಿನಲ್ಲಿ ಸಮಯ ನಿಗದಿಪಡಿಸಿಕೊಂಡು ಎರಡೂ ಬದಿಯವರು ಒಂದೇ ಗಳಿಗೆಯಲ್ಲಿ ಎಣಿಕೆ ಆರಂಭಿಸಿ, ಗಿಡುಗ ಬಂದು ಗುಂಪು ಎದ್ದರೆ ಅಲ್ಲಿಗೆ ನಿಲ್ಲಿಸಿ, ಹಕ್ಕಿಗಳು ಮತ್ತೆ ಇಳಿದ ಮೇಲೆ ಮೊದಲಿನಿಂದ ಎಣಿಸಬೇಕು.